ಪೂಜೆಯಾದ ಅಂಕಿ

ಊಟದ ಬಿಡುವು ಶುರುವಾಗಿ ಹತ್ತು ನಿಮಿಷಕ್ಕೆ ನನ್ನ ಟೆಲಿಫೋನ್ ಬೋರ್ಡಿನಲ್ಲಿ ಹದಿನೇಳನೇ ನಂಬರಿನ ಎದುರಿನ ಪುಟ್ಟ ಕೆಂಪು ದೀಪ ಹೊತ್ತಿಕೊಳ್ಳುತ್ತಿತ್ತು. ಹದಿನೇಳು ಎಂದರೆ ನಕ್ಷೆ ಬರೆಯುವವರ ಹಳೆಯ ಕೋಣೆ. ಅದಕ್ಕೆ ಬೀಗ ಬಿದ್ದು ಆರು ತಿಂಗಳಾಗಿತ್ತು.

ಹರಿಹರದ ಕಾರ್ಖಾನೆಯೊಂದರಲ್ಲಿ ನಾನು ಟೆಲಿಫೋನ್ ಆಪರೇಟರ್. ಎಂ.ಎ. ಮಾಡಿದವಳು ದಿನವಿಡೀ ‘ಹಲೋ’ ಎಂಬ ಒಂದೇ ಪದದಲ್ಲಿ ಪ್ರೌಢಿಮೆ ಸಾಧಿಸುತ್ತಿದ್ದೆನೆಂದು ನೀವು ನಕ್ಕರೆ ನಾನೂ ಜೊತೆಗೂಡುತ್ತೇನೆ. ಆ ವರ್ಷ ಎಲೆಕ್ಟ್ರಾನಿಕ್ ಎಕ್ಸ್‌ಚೇಂಜು ಬಂದಿತ್ತು. ಯಾವ ಫೋನಿನಿಂದ ಊರಾಚೆ ಮಾತಾಡಬಹುದು, ಯಾವುದರಿಂದ ಇನ್ನೊಬ್ಬರ ಮಾತು ಕೇಳಬಹುದು ಎಂಬುದನ್ನೆಲ್ಲ ನಾಲ್ಕಂಕಿಯ ಗುಪ್ತಸಂಖ್ಯೆ ಒತ್ತಿ ನಿರ್ಧರಿಸಬಹುದಿತ್ತು. ಯಂತ್ರದ ಜೊತೆಗೇ ಬಂದ ಆ ಸಂಖ್ಯೆಯನ್ನು ಮೊದಲು ಬದಲಿಸಿ ಎಂದು ಇಂಜಿನಿಯರು ಹೇಳಿಯೇ ಹೋಗಿದ್ದರು. ಅಷ್ಟರಲ್ಲಿ ಆಯುಧಪೂಜೆ ಬಂತು. ಮ್ಯಾನೇಜರು ಅದೇ ಸಂಖ್ಯೆಯನ್ನು ಯಂತ್ರದ ಬಾಗಿಲ ಮೇಲೆ ಕುಂಕುಮದಲ್ಲಿ ಬರೆಸಿ ಕಾಯಿ ಒಡೆಸಿದರು. ನಾನು ಬದಲಿಸುವ ಮಾತೆತ್ತಿದರೆ, “ಪೂಜೆ ಆದ ನಂಬರ್ ರೀ ಅದು. ಬದಲಿ ಮಾಡಿ ಮಿಷನ್ ಕೆಟ್ರೆ ಯಾರ್ ಹೊಣೆ? ಬ್ಯಾಡ” ಎಂದರು. ಸುಮ್ಮನಾದೆ. ಓದಿದವರ ಮೌನವನ್ನು ಜನ ವಿನಯವೆನ್ನುತ್ತಾರೆ, ನನ್ನದು ಅಂಜಿಕೆ.

ದಾವಣಗೆರೆಯಲ್ಲಿ ಶಾಲಾ ಶಿಕ್ಷಕಿಯಾಗಿದ್ದ ಗೆಳತಿ ನಸೀಮಳಿಗೆ ಬಿಡುವಿನಲ್ಲಿ ಫೋನ್ ಮಾಡುವುದು ನನ್ನ ಏಕೈಕ ಅಪರಾಧ. ದೀಪ ಹೊತ್ತಿದೊಡನೆ ಅವಳ ದನಿ ದಾರದೆಳೆಯಷ್ಟು ತೆಳುವಾಗುತ್ತಿತ್ತು. “ನಿನ್ ಪಕ್ಕ ಯಾರಾದ್ರೂ ಉಸಿರಾಡ್ತಾರೇನೇ?” ಎಂದು ಒಮ್ಮೆ ಕೇಳಿದಳು. ಯಂತ್ರದ ದೋಷವೆಂದೆ. ಭಾನುವಾರ ನೋಡಲು ಬರುವ ಹುಡುಗ ನನಗೆ ಬೇಡ, ಅಪ್ಪನಿಗೆ ಹೇಳಲು ಧೈರ್ಯವಿಲ್ಲ ಎಂಬುದನ್ನು ಅವಳೊಬ್ಬಳಿಗೇ ಹೇಳಿದ್ದೆ.

ಶುಕ್ರವಾರ ಚಹಾದ ಹೊತ್ತಿಗೆ, ನಮ್ಮ ಮನೆಯ ಹಿಂದಿನ ಬೀದಿಯಲ್ಲೇ ಇರುವ ಗುಮಾಸ್ತ ಬಸವರಾಜಪ್ಪನವರು ಮೆಲ್ಲಗೆ ಕೇಳಿದರು: “ಏನ್ ಮೇಡಂ, ಹುಡುಗನ್ನ ನೋಡೋಕ್ ಮುಂಚೇನೆ ಬ್ಯಾಡ ಅಂದ್ರಂತೆ? ಅಪ್ಪಾರಿಗೆ ಗೊತ್ತೈತೇನ್ರಿ?”

“ನಿಮಗ್ಯಾರು ಹೇಳಿದ್ರು?”

“ಎಲ್ರೂ ಅಂತಾರಲ್ರಿ.”

ಕಾವಲುಗಾರನಿಂದ ಬೀಗದ ಕೈ ಪಡೆದು ಹದಿನೇಳನೇ ಕೋಣೆ ತೆರೆಸಿದೆ. “ನಾನಂತೂ ತೆಗ್ದಿಲ್ಲವ್ವ” ಎಂದ ಅವನು ಹೊಸ್ತಿಲಲ್ಲೇ ನಿಂತ. ಮೇಜು, ಕುರ್ಚಿ, ಕಿಟಕಿ, ಎಲ್ಲದರ ಮೇಲೂ ಧೂಳು. ಫೋನಿನ ರಿಸೀವರ್ ಮಾತ್ರ ಹೊಳೆಯುತ್ತಿತ್ತು. ದೆವ್ವವೆಂದು ನಂಬಿದ್ದರೆ ನೆಮ್ಮದಿಯಿತ್ತು. ಆದರೆ ದೆವ್ವಗಳು ಕಿವಿಗೆ ಧೂಳು ತಾಗೀತೆಂದು ಒರೆಸಿಕೊಳ್ಳುವುದಿಲ್ಲ.

ಸಂಜೆ ಯಾರನ್ನೂ ಕೇಳದೆ ಸಂಖ್ಯೆ ಬದಲಿಸಿ, ಕುಂಕುಮದ ಅಂಕಿ ಒತ್ತಿ ಯಾರೋ ಹದಿನೇಳಕ್ಕೆ ಕೊಟ್ಟಿದ್ದ ಆಲಿಸುವ ಸೌಲಭ್ಯ ಕಿತ್ತೆ; ಹೊಸ ಸಂಖ್ಯೆಯನ್ನು ಲಕೋಟೆಯಲ್ಲಿಟ್ಟು ಅರಗು ಹಾಕಿ ಮ್ಯಾನೇಜರ ಕೈಗಿತ್ತೆ. ಮಿಷನ್ ಕೆಡಲಿಲ್ಲ. ಆದರೆ ಆಗಲೇ ಹೊರಬಿದ್ದ ಮಾತಿಗೆ ಹಾಕಲು ಅದರಲ್ಲಿ ಯಾವ ಬೀಗವೂ ಇರಲಿಲ್ಲ.

ಮರುದಿನ ಬೆಳಿಗ್ಗೆ ಅಪ್ಪ ಕನ್ನಡಿಯ ಮುಂದೆ ಗಡ್ಡ ಹೆರೆಯುತ್ತಿದ್ದರು. ಅವರು ರೇಜರನ್ನು ಕೆಳಗಿಡುವವರೆಗೆ ಕಾದು, ಹೇಳಿದೆ.