ನಾಯಿ ತಟ್ಟೇಲಿ ಸಾಸಿವೆ ಕಾಳು

ಓದೋರು ಅರ್ಧಕ್ಕೇ ಎದ್ದು ಹೋಗ್ಬೇಡ್ರಿ. ಒಂದು ಸಾಸಿವೆ ಕಾಳಿನ ವಿಷಯ ಬರುತ್ತೆ, ಅದು ಬರೋವರೆಗೂ ಸ್ವಲ್ಪ ತಡ್ಕೊಳ್ರಿ. ಅದಕ್ಕೆ ಮುಂಚೆ ನಾಯಿ ವಿಷಯ ಹೇಳ್ಬೇಕು. ಇಲ್ಲಾಂದ್ರೆ ಸಾಸಿವೆ ಕಾಳು ಬರೀ ಸಾಸಿವೆ ಕಾಳಾಗೇ ಉಳಿಯುತ್ತೆ.

ನಮ್ದು ಶಿಕಾರಿಪುರ. ನಾಯಿ ಕಂದು ಬಣ್ಣದ್ದು, ಊರ ನಾಯಿನೇ, ಒಂದು ಕಿವಿ ನಿಂತಿರುತ್ತೆ, ಇನ್ನೊಂದು ಬಿದ್ದಿರುತ್ತೆ. ಹೆಸರು ಬರೆಯಲ್ಲ. ಯಾಕಂದ್ರೆ ನಮ್ಮ ಬೀದೀಲಿ ಅದೇ ಹೆಸರಿನ ಹಿರಿಯರೊಬ್ರು ಇದಾರೆ, ಈಗ್ಲೇ ನಾವು ನಾಯೀನ ಕೂಗ್ದಾಗೆಲ್ಲ ಅವ್ರು ಕಟ್ಟೆ ಮೇಲಿಂದ ಹೊರಳಿ ನೋಡ್ತಾರೆ.

ನಾಯಿಗೆ ಕೆರೆತ ಶುರುವಾಗಿತ್ತು. ಮೊದ್ಲು ಕಿವಿ ಹಿಂದೆ, ಆಮೇಲೆ ಹೊಟ್ಟೆ ಕೆಳಗೆ, ಆಮೇಲೆ ಬಾಲದ ಬುಡ. ಕೂದಲು ಉದುರಿ ಅಲ್ಲಲ್ಲಿ ಚರ್ಮ ಕಾಣ್ತಿತ್ತು. ರಾತ್ರಿಯೆಲ್ಲ ಅಜ್ಜಿ ಮಂಚದ ಕೆಳಗೆ ಕೂತು ಟಪಟಪ ಕೆರ್ಕೊಳ್ಳೋದು, ಕಾಲು ಮಂಚಕ್ಕೆ ಬಡಿಯೋದು. ಅಮ್ಮಂಗೆ ವಾಸನೆ ತಡ್ಕೊಳಕ್ಕೆ ಆಗ್ಲಿಲ್ಲ. ಅಪ್ಪ ಒಂದಿನ ಊಟ ಮಾಡ್ತಾ ಹೇಳಿಬಿಟ್ರು.

"ಮೆಕ್ಕೆಜೋಳ ತೆನೆ ಕಟ್ಟೋ ಹೊತ್ತಿಗೆ ಇದನ್ನ ಹೊಲಕ್ಕೆ ಹಾಕ್ತೀನಿ. ಅಲ್ಲಿ ಹಂದಿ ಕಾಟ ಐತಿ, ಕಾಯ್ಕೊಂಡಿರ್ಲಿ."

ನಮ್ಮ ಹೊಲ ಇರೋದು ಬಂದಳಿಕೆ ಕಡೆ. ಅಲ್ಲಿ ಶೆಡ್ ಐತಿ, ಮೋಟರು ಐತಿ, ಮನುಷ್ಯರು ಹಗಲೊತ್ತು ಮಾತ್ರ. ಈ ನಾಯಿ ಮಿಕ್ಸಿ ಶಬ್ದಕ್ಕೇ ಮಂಚದ ಕೆಳಗೆ ತೂರ್ಕೊಳ್ಳೋದು. ಹಂದಿ ಕಾಯೋದು ದೂರದ ಮಾತು.

"ಕೆರೆತ ವಾಸಿ ಆದ್ರೆ?" ಅಂದೆ.

"ಆದ್ರೆ ಇರ್ಲಿ. ಆಗ್ಬೇಕಲ್ಲ."

ಅಲ್ಲಿಂದ ನಂಗೆ ಹುಚ್ಚು ಹಿಡೀತು ನೋಡ್ರಿ. ನಾನು ಸೊರಬದಲ್ಲಿ ಒಂದು ಕನ್ನಡಕದ ಅಂಗಡೀಲಿ ಕೆಲಸ ಮಾಡ್ತೀನಿ, ದಿನಾ ಬಸ್ಸು. ಹೋಗ್ತಾ ಬರ್ತಾ ಸಿಗೋ ಟೈಮಲ್ಲಿ ನಾಯಿ ಊಟದ ವಿಡಿಯೋ ನೋಡಿದ್ದೇ ನೋಡಿದ್ದು. ಒಬ್ರು ಕೋಳಿ ಎದೆ ಭಾಗ ಅಂತಾರೆ, ಒಬ್ರು ಸಾಲ್ಮನ್ ಮೀನು ಅಂತಾರೆ, ಒಬ್ರು ಬ್ರೊಕೊಲಿ ಹಬೇಲಿ ಬೇಯ್ಸಿ ಅಂತಾರೆ. ಸೊರಬದ ಸಂತೇಲಿ ಬ್ರೊಕೊಲಿ ಕೇಳಿದ್ದಕ್ಕೆ ತರಕಾರಿ ಮಾರೋ ಯಮ್ಮ ಹೂಕೋಸು ಎತ್ತಿ ತೋರ್ಸಿ, "ಇದಕ್ಕೇ ಹಸಿರು ಎಲೆ ಸುತ್ತಿ ಕೊಡ್ಲಾ?" ಅಂದ್ಲು. ಸುತ್ತ ನಿಂತೋರೆಲ್ಲ ನಕ್ರು, ನಾನೂ ನಕ್ಕೆ.

ಕೊನೆಗೆ ಪಶು ಡಾಕ್ಟರ್ ಹತ್ರ ಕರ್ಕೊಂಡು ಹೋದೆ. ಅವ್ರು ಉಣ್ಣಿ ಐತಾ ನೋಡಿದ್ರು, ಚರ್ಮ ಕೆರೆದು ಗಾಜಿನ ಮೇಲೆ ಇಟ್ಟು ನೋಡಿದ್ರು, ಹುಳ ಏನೂ ಇಲ್ಲ ಅಂದ್ರು. ಆಮೇಲೆ ಏನು ತಿನ್ಸ್ತೀರಿ ಅಂತ ಕೇಳಿದ್ರು. ಅನ್ನ, ರೊಟ್ಟಿ, ಹಾಲು, ಬಿಸ್ಕೆಟ್ಟು, ಬೀದಿಯೋರು ಹಾಕಿದ್ದು, ಎಲ್ಲ ಹೇಳಿದೆ.

"ತಿನ್ನೋದ್ರಲ್ಲೇ ಯಾವ್ದೋ ಒಂದು ಆಗ್ತಿಲ್ಲ ಅನ್ಸುತ್ತೆ, ಖಾತ್ರಿ ಇಲ್ಲ. ಇದುವರೆಗೂ ತಿನ್ನದೇ ಇರೋದನ್ನ ಮಾತ್ರ ಕೊಟ್ಟು ನೋಡ್ಬೇಕು. ಮೊಟ್ಟೆ ತಿಂದೈತಾ?"

"ಇಲ್ಲ ಸಾರ್. ನಮ್ಮದು ಲಿಂಗ ಕಟ್ಕೊಂಡಿರೋ ಮನೆ."

"ಹಂಗಾದ್ರೆ ಒಳ್ಳೇದೇ ಆಯ್ತು ಬಿಡಿ."

ನಂಗೆ ಅರ್ಥ ಆಗೋಕೆ ಒಂದು ಕ್ಷಣ ಬೇಕಾಯ್ತು. ನಮ್ಮನೇಲಿ ಮೊಟ್ಟೆ ಬರಲ್ಲ, ಅದಕ್ಕೇ ಅದರ ಹೊಟ್ಟೆಗೆ ಮೊಟ್ಟೆ ಹೊಸದು, ಹೊಸದಾಗಿರೋದ್ರಿಂದ ಅದೇ ಸರಿಯಾದ ಪರೀಕ್ಷೆ. ಮೊಟ್ಟೆ, ಸಿಹಿಗೆಣಸು, ಸಿಹಿಗುಂಬಳ, ಇಷ್ಟೇ. ಕೆಲವು ವಾರ ಬೇರೆ ಏನೂ ಬಾಯಿಗೆ ಬೀಳ್ಬಾರ್ದು, ಒಂದು ಬಿಸ್ಕೆಟ್ ಚೂರೂ ಕೂಡ, ಅಂದ್ರು. ಇದು ಬರೀ ಪರೀಕ್ಷೆಗೆ, ಕಾಯಂ ಊಟಕ್ಕೆ ಸುಣ್ಣದಂಶ ಅದು ಇದು ಎಲ್ಲ ಸೇರ್ಬೇಕು, ಆಗ ಮತ್ತೆ ಬಂದು ಕೇಳಿ ಅಂತಾನೂ ಹೇಳಿದ್ರು.

ಸರಿ, ಮಾಡೋದು ಯಾವಾಗ? ಬೆಳಿಗ್ಗೆ ಬಸ್ಸಿಗೆ ಓಡ್ಬೇಕು. ಅಡುಗೆಮನೇಲಿ ಅಮ್ಮಂದು ರೊಟ್ಟಿ ನಡೀತಿರುತ್ತೆ, ಒಲೆ ಖಾಲಿ ಇರಲ್ಲ. ಸಂಜೆ ಬರೋ ಹೊತ್ತಿಗೆ ನಂಗೇ ಹಸಿವು, ನಾಯಿಗೆ ಅಡುಗೆ ಎಲ್ಲಿ ಮಾಡ್ಲಿ? ಒಂದಿನ ಸ್ನಾನಕ್ಕೆ ಹೋದಾಗ ಬಚ್ಚಲೊಲೆ ನೋಡ್ದೆ. ನಮ್ಮನೇಲಿ ನೀರು ಕಾಯ್ಸೋದು ಇನ್ನೂ ಹಂಡೇಲೇ, ಉರಿಗೆ ಕಾಳು ಬಿಡ್ಸಿದ ಜೋಳದ ಬೆಂಡು. ಎಲ್ಲರ ಸ್ನಾನ ಮುಗಿದ ಮೇಲೂ ಕೆಂಡ ಸುಮ್ನೆ ಕೂತಿರುತ್ತೆ. ಗೆಣಸನ್ನ ಬೂದಿಯೊಳಗೆ ಹೂತೆ. ಕುಂಬಳದ ಹೋಳನ್ನ ಒಂದು ಹಳೇ ಡಬ್ಬೀಲಿ ಹಾಕಿ ಪಕ್ಕಕ್ಕೆ ಇಟ್ಟೆ. ಜಡೆ ಹಾಕ್ಕೊಂಡು, ಬುತ್ತಿ ಕಟ್ಕೊಂಡು ಬರೋ ಹೊತ್ತಿಗೆ ಎರಡೂ ಮೆತ್ತಗೆ ಬೆಂದಿದ್ವು. ಸಿಪ್ಪೆ ಸುಲಿದು ಹಿಸುಕಿ ಅರ್ಧ ತಟ್ಟೆಗೆ, ಅರ್ಧ ಸಂಜೆಗೆ ಮುಚ್ಚಿಡೋದು. ನಾನೂ ಬಾಯಿಗೆ ಹಾಕ್ಕೊಂಡು ನೋಡ್ದೆ. ಸಪ್ಪೆ ಸಪ್ಪೆ ಸಿಹಿ, ಸ್ವಲ್ಪ ಹೊಗೆ ವಾಸನೆ. ಪರವಾಗಿಲ್ಲ.

ಒಂದೇ ತೊಂದರೆ, ಮೊದಲ ದಿನಗಳಲ್ಲಿ ಗೆಣಸು ಲೆಕ್ಕ ತಪ್ತಿತ್ತು. ಕೇಳಿದ್ರೆ ಅಪ್ಪ, "ಸುಟ್ಟ ವಾಸನೆ ಬಂತು, ರುಚಿ ನೋಡ್ದೆ" ಅಂತಾರೆ.

"ಅದು ನಾಯೀದು."

"ನಾಯಿ ಏನಂತು? ಏನೂ ಅನ್ಲಿಲ್ಲ."

ಮೊಟ್ಟೆ ವಿಷಯಕ್ಕೆ ಅಮ್ಮ ಮೊದ್ಲೇ ಹೇಳಿದ್ಲು, ಅದು ಹೊಸ್ತಿಲು ದಾಟಂಗಿಲ್ಲ, ಆ ಹೆಸರೂ ಒಳಗೆ ಬ್ಯಾಡ ಅಂತ. ಸೊರಬ ಬಸ್‌ಸ್ಟ್ಯಾಂಡ್ ಹತ್ರ ಗಾಡೀಲಿ ಬೇಯ್ಸಿದ ಮೊಟ್ಟೆ ಮಾರ್ತಾರೆ. ಖಾರ ಉಪ್ಪು ಹಾಕ್ಬೇಡಿ ಅಂತ ಹೇಳಿ ಬೇರೆ ಡಬ್ಬೀಲಿ ತರ್ತಿದ್ದೆ, ಹಿತ್ತಲಲ್ಲೇ ಸುಲಿದು ಸಂಜೆ ಊಟಕ್ಕೆ ಕಲಸ್ತಿದ್ದೆ. ಅಮ್ಮ ಅದಕ್ಕೆ ಸೊರಬದ ಆಲೂಗಡ್ಡೆ ಅಂತ ಹೆಸರಿಟ್ಲು. ಬಾಗಿಲಲ್ಲೇ ನಿಂತು, "ಏ, ಸೊರಬದ ಆಲೂಗಡ್ಡೆ ತಂದ್ಯಾ ಇಲ್ಲಾ? ಕಾಯ್ತಾ ಕೂತೈತಿ ನೋಡು" ಅಂತಿದ್ಲು.

ಎರಡು ಮೂರು ವಾರ ಆಯ್ತು. ಕೆರೆತ ಒಂಚೂರು ಕಮ್ಮಿ ಆದಂಗೆ ಆಗೋದು, ಮತ್ತೆ ಶುರು. ಹೊಲದ ಜೋಳ ಎದೆಮಟ್ಟ ಬಂದೈತಿ ಅಂತ ಅಪ್ಪ ಹೇಳಿದ್ರು. ನಂಗೆ ಸಂಕಟ ಒಂದ್ಕಡೆ, ಕುತೂಹಲ ಒಂದ್ಕಡೆ. ತಿಂತಿರೋದು ಮೂರೇ ವಸ್ತು, ಹಂಗಿದ್ಮೇಲೆ ಯಾವುದು ಆಗ್ತಿಲ್ಲ? ಗೆಣಸಾ? ಕುಂಬಳಾನಾ? ಬೂದಿನೇ ಏನಾದ್ರೂ ಆಗ್ತಿಲ್ವಾ? ಅಂಗಡೀಲಿ ಯಾರದೋ ಕಣ್ಣಿಗೆ ಫ್ರೇಮ್ ಇಟ್ಟು "ಸರಿ ಕಾಣುತ್ತಾ?" ಅಂತ ಕೇಳ್ತಾ ತಲೆಯೊಳಗೆ ಇದೇ ಓಡ್ತಿತ್ತು.

ಈಗ ಬಂತು ನೋಡ್ರಿ ಸಾಸಿವೆ ಕಾಳು. ಒಂದು ಸಂಜೆ ನಾಯಿ ತಟ್ಟೆ ತೊಳೀತಿದ್ದೆ. ಅಂಚಲ್ಲಿ ಒಂದು ಕಪ್ಪು ಚುಕ್ಕೆ, ಉಗುರಲ್ಲಿ ಕೆರೆದ್ರೆ ಕೈಗೆ ಬಂತು. ಸಾಸಿವೆ. ಎಣ್ಣೇಲಿ ಸಿಡಿದು ಬಾಯಿ ಬಿಟ್ಟಿರೋ ಸಾಸಿವೆ. ನಾನು ಗೆಣಸಿಗೆ ಒಗ್ಗರಣೆ ಯಾವತ್ತು ಹಾಕಿದ್ದೆ?

ಅದನ್ನ ಅಂಗೈಲಿ ಇಟ್ಕೊಂಡು ಅಮ್ಮನ ಹತ್ರ ಹೋದೆ. "ಇದೇನಮ್ಮ?"

"ಸಾಸ್ವಿ."

"ನಾಯಿ ತಟ್ಟೇಲಿ ಇತ್ತು."

"ಅದಕ್ಕೆ ನಾನೇನು ಮಾಡ್ಲಿ? ಸಾಸ್ವಿಗೆ ಕಾಲು ಬಂದಿರ್ಬೇಕು."

ಅಪ್ಪನ್ನ ಕೇಳಿದ್ರೆ, "ನಾನು ಅದರ ಊಟ ತಿಂದೀನಿ, ನನ್ನ ಊಟ ಅದಕ್ಕೆ ಕೊಟ್ಟಿಲ್ಲ" ಅಂದ್ರು. ಮಾತು ನ್ಯಾಯವಾಗೇ ಇತ್ತು.

ಅಂಗಡಿ ರಜೆ ದಿನ ಹಿತ್ತಲ ಕಿಟಕಿ ಹತ್ರ ಸುಮ್ನೆ ಕೂತೆ. ಮಧ್ಯಾಹ್ನ ಎಲ್ಲರ ಊಟ ಆಯ್ತು. ಸ್ವಲ್ಪ ಹೊತ್ತಿಗೆ ಅಜ್ಜಿ ಸೆರಗಿನ ಮರೇಲಿ ಬಟ್ಟಲು ಹಿಡ್ಕೊಂಡು ಬಂದ್ಲು. ಬಟ್ಟಲ ತುಂಬಾ ಸಾರು ಅನ್ನ. ಬಗ್ಗಿ, ತಟ್ಟೆಗೆ ಸುರಿದು, ಬೆರಳಲ್ಲಿ ಚೆನ್ನಾಗಿ ಕಲಸಿ ನಾಯಿ ಮುಂದೆ ತಳ್ಳಿದ್ಲು. ನಾಯಿಗೆ ಇದು ಹೊಸದಲ್ಲ ಅಂತ ಅದು ತಿನ್ನೋ ರೀತೀಲೇ ಗೊತ್ತಾಗ್ತಿತ್ತು, ಶಬ್ದ ಇಲ್ದಂಗೆ ತಿಂತಿತ್ತು.

"ಅಜ್ಜೀ."

ಅಜ್ಜಿ ಬೆಚ್ಚಲಿಲ್ಲ, ಏನಿಲ್ಲ. "ಇವತ್ತು ರಜಾನೇನು ನಿಂಗ?" ಅಂದ್ಲು.

"ಅದಕ್ಕೆ ಸಾರು ಹಾಕ್ಬಾರ್ದು ಅಂತ ಹೇಳಿದ್ನಲ್ಲ."

"ಹೇಳಿದ್ದಿ. ಉಪ್ಪಿಲ್ದ ಕೂಳು ಹಾಕ್ತಿದ್ದೀಯಲ್ಲ ತಂಗಿ, ಅದಕ್ಕ ಋಣ ಎಲ್ಲಿಂದ ಬರ್ಬೇಕು? ಮನಿ ಉಪ್ಪು ಉಣ್ಣಬೇಕು ನಾಯಿ. ಉಂಡಿದ್ರ ಎಲ್ಲಿ ಬಿಟ್ರೂ ದಾರಿ ಹುಡುಕ್ಕೊಂಡು ಬರ್ತೈತಿ."

ಉಪ್ಪಿನ ಋಣ ಅನ್ನೋದು ಕೇಳಿದ್ದೆ, ಮನುಷ್ಯರ ವಿಷಯಕ್ಕೆ. ಅಜ್ಜಿ ಲೆಕ್ಕದಲ್ಲಿ ಅದು ನಾಯಿಗೂ ಅಷ್ಟೇ ನಿಜ. ಅವಳು ದಿನಾ ಒಂದು ಬಟ್ಟಲು ಋಣ ತಿನ್ನಿಸ್ತಿದ್ಲು, ಅಪ್ಪ ಬಂದಳಿಕೆಗೆ ಒಯ್ದು ಕಟ್ಟಿದ್ರೂ ಹಗ್ಗ ಕಿತ್ಕೊಂಡು ಮಂಚದ ಕೆಳಗೆ ವಾಪಸ್ ಬರ್ಲಿ ಅಂತ.

ಪಕ್ಕದಲ್ಲಿ ಕೂತು ಹೇಳಿದೆ. ನೋಡಜ್ಜಿ, ಬೇರೆ ಏನಾದ್ರೂ ತಿಂದ್ರೆ ಕೆರೆತ ಯಾಕೆ ಬರ್ತಿದೆ ಅಂತ ಗೊತ್ತೇ ಆಗಲ್ಲ, ಕೆರೆತ ಹೋಗ್ದೇ ಇದ್ರೆ ಅಪ್ಪ ಹೊಲಕ್ಕೆ ಒಯ್ತಾರೆ. ನೀನು ಅದು ವಾಪಸ್ ಬರ್ಲಿ ಅಂತ ಉಪ್ಪು ಹಾಕ್ತಿದೀಯ, ನಾನು ಅದು ಹೋಗ್ದೇ ಇರ್ಲಿ ಅಂತ ಉಪ್ಪು ಬಿಟ್ಟೀನಿ.

ಅಜ್ಜಿ ಖಾಲಿ ಬಟ್ಟಲು ಪಕ್ಕಕ್ಕೆ ಇಟ್ಟು ನಾಯಿ ಬೆನ್ನು ಸವರಿದ್ಲು. ಆಮೇಲೆ, "ಹಂಗಾರ ಸಾರು ಬ್ಯಾಡ. ಬರೀ ಉಪ್ಪು ಹಾಕ್ತೀನಿ" ಅಂದ್ಲು.

ಅಲ್ಲೇ ಡಾಕ್ಟರ್‌ಗೆ ಫೋನ್ ಮಾಡ್ದೆ. ಎಲ್ಲ ಕೇಳಿ ಅವ್ರು ನಕ್ರು. "ಒಂದು ಚಿಟಿಕೆ ಉಪ್ಪಿಂದ ಪರೀಕ್ಷೆ ಕೆಡಲ್ಲ. ಸಾರು ಮಾತ್ರ ಬೇಡ. ಅದರಲ್ಲಿರೋ ಈರುಳ್ಳಿ ಬೆಳ್ಳುಳ್ಳಿ ನಾಯಿ ರಕ್ತಕ್ಕೇ ಒಳ್ಳೇದಲ್ಲ, ಕೆರೆತ ಇರ್ಲಿ ಬಿಡ್ಲಿ."

ಅಜ್ಜಿ ಪಕ್ಕದಿಂದ, "ಚಿಟಿಕೆ ಅಂದ್ರ ಎರಡು ಬಟ್ಟಿಂದೋ ಮೂರು ಬಟ್ಟಿಂದೋ ಕೇಳು" ಅಂದ್ಲು.

"ಎರಡು ಬೆರಳು ಅಜ್ಜಿ" ಅಂತ ಫೋನಲ್ಲೇ ಉತ್ತರ ಬಂತು.

ಪರೀಕ್ಷೆ ಮೊದಲಿಂದ ಶುರುವಾಯ್ತು. ಆದ್ರೆ ಈ ಸಲ ಅಜ್ಜಿ ನಮ್ಮ ಕಡೆ. ಈರುಳ್ಳಿ ಅಂದ್ರೆ ವಿಷ ಅಂತ ಬೀದಿಗೆಲ್ಲ ಸಾರಿದ್ಲು. ಯಾರಾದ್ರೂ ರೊಟ್ಟಿ ಚೂರು ಎಸೆದ್ರೆ ಕಟ್ಟೆ ಮೇಲಿಂದಾನೇ, "ಏನ್ರೀ, ನಾಯಿ ಪಥ್ಯದಾಗೈತಿ, ಕಣ್ಣು ಕಾಣಂಗಿಲ್ಲೇನು? ನಮ್ಮ ಹುಡುಗಿ ಅಂಗಡಿಗೆ ಹೋಗ್ರಿ" ಅಂತಿದ್ಲು. ಬೆಳಿಗ್ಗೆ ಬೂದಿಯಿಂದ ಗೆಣಸು ತೆಗೆಯೋ ಕೆಲಸಾನೂ ಅವಳೇ ತಗೊಂಡ್ಲು, ನಂಗೆ ಬಸ್ಸಿಗೆ ಓಡೋದು ತಪ್ತು. ಹಿಸುಕಿ, ಎರಡೇ ಬೆರಳಲ್ಲಿ ಉಪ್ಪು ಉದುರಿಸಿ, ತಟ್ಟೆ ಇಟ್ಟು, "ಉಣ್ಣು, ನೆನಪಿರ್ಲಿ" ಅಂತ ನಾಯಿಗೆ ಹೇಳ್ತಿದ್ಲು. ಸೊರಬದ ಆಲೂಗಡ್ಡೆ ಹೊತ್ತಿಗೆ ಮಾತ್ರ ಒಳಗೆ ಎದ್ದು ಹೋಗೋಳು. ಅದು ನಂದೇ ಕೆಲಸ.

ಮಂಚಕ್ಕೆ ಕಾಲು ಬಡಿಯೋ ಶಬ್ದ ಯಾವತ್ತು ನಿಂತಿತು ಅಂತ ಕೇಳಿದ್ರೆ ಹೇಳಕ್ಕಾಗಲ್ಲ. ನಿಂತಿದ್ದು ಗೊತ್ತಾಗಿದ್ದೇ ತಡವಾಗಿ. ಕಿವಿ ಹಿಂದೆ ಸಣ್ಣಗೆ ಕೂದಲು ಬಂತು, ನಾಯಿ ಮರೀದಂಗೆ ಮೆತ್ತಗೆ. ಬಾಲದ ಬುಡದಲ್ಲಿ ಇನ್ನೂ ಒಂದು ಕಲೆ ಐತಿ.

ಜೋಳ ತೆನೆ ಕಟ್ಟಿತು. ಅಪ್ಪ ಒಂದು ಬೆಳಿಗ್ಗೆ ಹೊಲಕ್ಕೆ ಹೊರಟು ಗಾಡಿ ಸ್ಟಾರ್ಟ್ ಮಾಡ್ಕೊಂಡು ನಿಂತ್ರು. ಅಜ್ಜಿ ಬಾಗಿಲಲ್ಲಿ, ನಾನು ಬುತ್ತಿ ಹಿಡ್ಕೊಂಡು ಮೆಟ್ಟಿಲ ಮೇಲೆ. ಅಪ್ಪ ನಾಯೀನ ಕರೆದು, ಹೊಟ್ಟೆ ತಿರುಗಿಸಿ ನೋಡಿ, ಕಿವಿ ಎತ್ತಿ ನೋಡಿ, ಬಿಟ್ಟುಬಿಟ್ರು.

"ಇದನ್ನ ಒಯ್ದು ಏನು ಮಾಡ್ಲಿ? ದಿನಾ ಗೆಣಸು ತಿನ್ನೋದು. ಹಂದಿ ಬಂದ್ರೆ ಪಂಕ್ತಿಗೆ ಜೊತೇಲಿ ಕೂತ್ಕೊಳ್ಳುತ್ತೆ."

ಅಷ್ಟು ಹೇಳಿ ಹೋದ್ರು. ಅಜ್ಜಿ ನನ್ನ ಕಡೆ ತಿರುಗಿ, "ಉಪ್ಪು" ಅಂದ್ಲು. ನಾನು "ಗೆಣಸು" ಅಂದೆ. ಇಬ್ರೂ ಅದೇ ಮಾತಿಗೆ ಇವತ್ತಿಗೂ ನಿಂತೀವಿ.

ಆದ್ರೆ ನನ್ನ ಪ್ರಶ್ನೆ ಮುಗಿದಿಲ್ಲ. ಆಗ್ದೇ ಇದ್ದದ್ದು ಯಾವುದು? ಈಗ ಒಂದೊಂದನ್ನೇ ವಾಪಸ್ ಕೊಟ್ಟು ನೋಡಿ, ಕೆರೆತ ಬಂದ್ರೆ ಅದೇ ಕಳ್ಳ ಅಂತ ಡಾಕ್ಟರ್ ಹೇಳಿದಾರೆ. ಕಾಯಂ ಊಟಕ್ಕೆ ಏನೇನು ಸೇರಿಸ್ಬೇಕು ಅಂತಾನೂ ಬರ್ಕೊಟ್ಟಿದಾರೆ. ಅನ್ನ ಕೊಟ್ಟು ನೋಡಿದ್ವಿ, ಏನೂ ಆಗ್ಲಿಲ್ಲ. ಈಗ ಹಾಲಿನ ಸರದಿ. ನಂಗೆ ಬಿಸ್ಕೆಟ್ ಮೇಲೆ ಅನುಮಾನ, ಅಮ್ಮಂಗೆ ಬೀದಿಯೋರ ಮೇಲೆ, ಅಪ್ಪ ಮಾತ್ರ ಈರುಳ್ಳಿ ಅಂತಾರೆ, ಅಜ್ಜಿ ಇಲ್ದಾಗ.

ನಿಮ್ಮನೇಲಿ ನಾಯಿಗೆ ಏನು ಮಾಡಿ ಹಾಕ್ತೀರಿ, ಯಾವ ಹೊತ್ತಲ್ಲಿ ಮಾಡ್ತೀರಿ? ನಿಮ್ಮ ನಾಯಿಗೂ ಕೆರೆತ ಇದ್ದು ಕಾರಣ ಸಿಕ್ಕಿದ್ರೆ ಅದು ಯಾವುದಾಗಿತ್ತು? ಸೆರಗಿನ ಮರೇಲಿ ಬಟ್ಟಲು ಹಿಡ್ಕೊಂಡು ಬರೋರು ನಿಮ್ಮನೇಲೂ ಇದಾರಾ? ಕೆಳಗೆ ಬರೀರಿ. ಹಾಲು ಕೊಡೋಕೆ ಮುಂಚೆ ಓದ್ತೀನಿ.