ಎಲ್ಲರೂ ಎಲ್ಲ ಪುಸ್ತಕ ಒಯ್ದ ದಿನ

ಪೆನ್‌ಡ್ರೈವ್ ಇನ್ನೂ ಅಪರೂಪವಾಗಿದ್ದ ಕಾಲ. ನರಸಿಂಹರಾಜಪುರದ ಲೈಬ್ರರಿಯೊಂದಕ್ಕೆ ಕಂಪ್ಯೂಟರ್ ಕೂರಿಸಲು ಹೋಗಿದ್ದೆ. ಯಾರ ಹತ್ತಿರ ಯಾವ ಪುಸ್ತಕ ಇದೆ ಎಂಬ ಪಟ್ಟಿಯನ್ನು ಮಧ್ಯಾಹ್ನ ತಪಾಸಣೆಗೆ ಬರುವ ಇಲಾಖೆಯ ಸಾಹೇಬರಿಗೆ ತೋರಿಸಬೇಕಿತ್ತು. ಅದಕ್ಕಾಗಿ ಕಂಪ್ಯೂಟರಿಗೆ ಆದೇಶ ಬರೆಯುವಾಗ, ಹಳೇ ಅಭ್ಯಾಸದಂತೆ ಸದಸ್ಯರ ಕೋಷ್ಟಕ, ಎರವಲು ಹೋದ ಪುಸ್ತಕಗಳ ಕೋಷ್ಟಕ ಎರಡರ ಹೆಸರಿನ ನಡುವೆ ಬರೀ ಕಾಮಾ ಹಾಕಿದೆ. ಯಾವುದು ಯಾವುದಕ್ಕೆ ಸೇರಬೇಕೆಂದು ಹೇಳುವ ‘ವೇರ್’ ಸಾಲನ್ನು ಮರೆತೇಬಿಟ್ಟೆ. ಒಬ್ಬೊಬ್ಬ ಸದಸ್ಯರ ಹೆಸರಿಗೂ ಎರವಲು ಹೋದ ಪುಸ್ತಕಗಳೆಲ್ಲ ಅಂಟಿಕೊಂಡವು; ಪ್ರಿಂಟರ್ ನಿಲ್ಲಲೇ ಇಲ್ಲ.

ಲೈಬ್ರರಿಯನ್ ಶಾರದಮ್ಮ ಒಂದು ಹಾಳೆ ಎತ್ತಿಕೊಂಡರು. “ಶೆಟ್ಟಿಕೊಪ್ಪದ ಪುಟ್ಟೇಗೌಡ್ರು ಬಾಣಂತಿ ಆರೈಕೆ ಪುಸ್ತಕ ತಗಂಡಿದಾರೆ ಮಾರಾಯ. ಅದನ್ನೇ ನಮ್ಮ ಪೋಸ್ಟ್‌ಮ್ಯಾನೂ ತಗಂಡಿದಾನೆ.” ಅವರು ನಗತೊಡಗಿದ ಮೇಲೆ ನನಗೂ ತಡೆಯಲಾಗಲಿಲ್ಲ.

ಕಣ್ಣೊರೆಸಿಕೊಂಡು ಹೊಸ ರೀತಿಯಲ್ಲಿ, ‘ಜಾಯಿನ್’ ಎಂದು ಬರೆದೆ. ನಗುವಿನಲ್ಲಿ ಮತ್ತೆ ಅರ್ಧಕ್ಕೇ ಬಿಟ್ಟಿದ್ದೆ. ಈ ಸಲ ಕಂಪ್ಯೂಟರ್ ಒಪ್ಪಲಿಲ್ಲ. ಯಾವುದನ್ನು ಯಾವುದಕ್ಕೆ ಜೋಡಿಸಬೇಕೆಂದು ಹೇಳುವ ‘ಆನ್’ ಎಲ್ಲಿ ಎಂದು ತಡೆದು ನಿಲ್ಲಿಸಿತು.

“ಇದೇ ವಾಸಿ. ಸಂಬಂಧ ಎಂತದು ಅಂತ ಕೇಳಿಯೇ ಒಳಗೆ ಬಿಡ್ತದೆ,” ಎಂದರು ಶಾರದಮ್ಮ.

ಸಾಹೇಬರು ಬರುವಷ್ಟರಲ್ಲಿ ಸರಿಯಾದ ಪಟ್ಟಿ ಸಿದ್ಧವಾಗಿತ್ತು. ಬರೀ ಒಂದೂವರೆ ಪುಟ.

“ಓದೋರು ಇಷ್ಟೇನಾ?” ಎಂದು ಅವರು ಮುಖ ಸಣ್ಣ ಮಾಡಿದರು.

“ಜಾಸ್ತಿ ಬೇಕಾದ್ರೆ ಇವರು ಹಳೇ ರೀತೀಲಿ ತೆಗೆದುಕೊಡ್ತಾರೆ ಸಾರ್,” ಎಂದು ಶಾರದಮ್ಮ ಗಂಭೀರವಾಗಿ ಹೇಳಿದರು.

ನಾನು ಕೆಮ್ಮು ಬಂದವನಂತೆ ಹೊರಗೆ ಹೋಗಿ, ಜಗಲಿಯ ಮೇಲೆ ಕೂತು ಸಮಾಧಾನವಾಗಿ ನಕ್ಕೆ.