ಸಿಂಹದ ಬಾಲದ ಕೆಳಗೆ ಮೂರು ಚುಕ್ಕೆ

ಪವಾಡ, ಪುನರ್ಜನ್ಮ ಅಂದರೆ ನಾನು ನಗುತ್ತಿದ್ದೆ. ನಗದೆ ಏನು ಮಾಡಲಿ? ಟೊರೊಂಟೊ ಸುತ್ತಮುತ್ತಲಿನ ನಮ್ಮ ಬಳಗದಲ್ಲಿ ನಡೆದ ಪವಾಡಗಳಲ್ಲಿ ಅರ್ಧಕ್ಕರ್ಧ ನಾನೇ ಮಾಡಿದವು. ಎಟೋಬಿಕೋಕ್‌ನ ಕಾರ್ಖಾನೆಯಲ್ಲಿ ಜೀವಮಾನವೆಲ್ಲ ಉಕ್ಕಿನ ಅಚ್ಚು ಕೆತ್ತಿದ ಕೈ ಇದು. ಇದನ್ನು ಮೀರಿಸುವ ನಕಲುಗಾರ ನಮ್ಮ ಹುಬ್ಬಳ್ಳಿಯಲ್ಲೂ ಹುಟ್ಟಿಲ್ಲ, ಇಲ್ಲೂ ಇಲ್ಲ. ನಂಬದಿದ್ದರೆ ನಷ್ಟ ನಿಮಗೇ.

ಸ್ಟೌಫ್‌ವಿಲ್‌ನಲ್ಲಿರುವ ಗೆಳೆಯ ಶ್ರೀಕಂಠನ ಹತ್ತಿರ ಒಂದು ಬೆಳ್ಳಿ ನಾಣ್ಯವಿತ್ತು. ಐನೂರು ವರ್ಷಕ್ಕೂ ಹಿಂದೆ, ಯುರೋಪಿನ ಬ್ರಬಾಂಟ್ ಎಂಬ ಸೀಮೆಯನ್ನು ಡ್ಯೂಕ್‌ಗಳು ಆಳುತ್ತಿದ್ದಾಗಿನದು. ಎರಡು ಅಚ್ಚಿನ ನಡುವೆ ಬೆಳ್ಳಿಯ ಬಿಲ್ಲೆಯಿಟ್ಟು ಸುತ್ತಿಗೆಯಿಂದ ಹೊಡೆದದ್ದು. ಅದಕ್ಕೇ ಅಂಚು ಸೊಟ್ಟ, ಸಿಂಹ ಒಂದು ಪಕ್ಕಕ್ಕೆ ಜಾರಿದೆ. ಅವನ ಮಗಳು ಮೊದಲ ಸಂಬಳದಲ್ಲಿ ಕೊಡಿಸಿದ್ದು. ಶ್ರೀಕಂಠ ಮೈಸೂರಿನವನು, ಮಾತಿಗೊಮ್ಮೆ, ಇಂಥದ್ದು ಇನ್ನೊಂದಿಲ್ಲ ಅನ್ನುತ್ತಿದ್ದ. ಹಾಗಂದರೆ ನಾನು ಸುಮ್ಮನಿರುತ್ತೇನೆಯೇ? ಫೋನಿನಲ್ಲಿ ಫೋಟೋ ತೆಗೆದುಕೊಂಡು ಬಂದು, ಗರಾಜಿನಲ್ಲಿ ಅಚ್ಚು ಕೆತ್ತಿ, ಅದಕ್ಕೊಂದು ಜೋಡಿ ಹೊಡೆದು, ಅಂಚಿನ ಸೊಟ್ಟವನ್ನೂ ಹಾಗೇ ಹೊಂದಿಸಿ, ಹಳೆಯದರಂತೆ ಕಪ್ಪು ಹಿಡಿಸಿದೆ.

ದೀಪಾವಳಿಯ ಲಕ್ಷ್ಮೀಪೂಜೆಯ ದಿನ ಎರಡನ್ನೂ ಅವನ ಊಟದ ಮೇಜಿನ ಮೇಲಿಟ್ಟು, ನಿನ್ನದನ್ನು ಆರಿಸು ಅಂದೆ. ಅವನು ಭೂತಗನ್ನಡಿ ತರಲು ಬೇಸ್‌ಮೆಂಟಿಗೆ ಇಳಿದ. ನಾನು ಪಕ್ಕದ ಕೋಣೆಗೆ ಹೋಗಿ ಬಂದವರೆದುರು ಬಡಾಯಿ ಕೊಚ್ಚುತ್ತಿದ್ದೆ. ಅಷ್ಟರಲ್ಲಿ ಅವನ ಹೆಂಡತಿ, ನಮ್ಮ ವಸುಧಾ ವೈನಿ, ಎರಡನ್ನೂ ಎತ್ತಿಕೊಂಡು ಹೋಗಿ, ವಿಭೂತಿ ಹಾಕಿ ಫಳಫಳ ತಿಕ್ಕಿ, ದೇವರ ತಟ್ಟೆಯಲ್ಲಿಟ್ಟಿದ್ದರು.

"ಬೆಳ್ಳಿ ಅಂದ್ಮೇಲೆ ಹಾಗೇ ಕಪ್ಪಗೆ ಲಕ್ಷ್ಮಿ ಮುಂದೆ ಇಡೋಕ್ಕಾಗತ್ತಾ?" ಅಂದರು.

ಐನೂರು ವರ್ಷದ ಮಸಿ ಸಿಂಕಿನಲ್ಲಿ ಹರಿದುಹೋಗಿತ್ತು. ಶ್ರೀಕಂಠ ಎರಡನ್ನೂ ಅಂಗೈಯಲ್ಲಿಟ್ಟುಕೊಂಡು ನೋಡೇ ನೋಡಿದ.

"ತಮಾಷೆ ಸಾಕು ಕಣಯ್ಯಾ. ನನ್ನ ಮಗಳು ಕೊಟ್ಟಿದ್ದು ಯಾವ್ದು, ಅದನ್ನ ಹೇಳು."

"ಗಾಬರಿ ಆಗಬ್ಯಾಡಲೇ. ನನ್ನದರಾಗ ನನ್ನ ಗುರ್ತ ಐತಿ."

ಇತ್ತು. ನಾನು ಕೆತ್ತಿದ ಪ್ರತಿ ಅಚ್ಚಿನಲ್ಲೂ ಎಲ್ಲಾದರೂ ಓರೆಯಾಗಿ ಮೂರು ಚುಕ್ಕೆ ಇರುತ್ತವೆ, ನಡುವಿನದು ಕೊಂಚ ಕೆಳಗೆ. ಯಾರೂ ಕಲಿಸಿದ್ದಲ್ಲ, ಮೊದಲ ಅಚ್ಚಿನಲ್ಲೇ ಕೈ ತಾನಾಗಿ ಹಾಕಿತ್ತು. ಈ ಸಲ ಸಿಂಹದ ಬಾಲದ ಕೆಳಗೆ ಹಾಕಿದ್ದೆ. ಭೂತಗನ್ನಡಿ ಹಿಡಿದೆ, ಮೂರು ಚುಕ್ಕೆ ಕಂಡವು, ಇದು ನನ್ನದು ಅಂತ ಪಕ್ಕಕ್ಕಿಟ್ಟೆ. ಸುಮ್ಮನೆ ಇನ್ನೊಂದನ್ನೂ ನೋಡಿದೆ. ಅಲ್ಲೂ ಬಾಲದ ಕೆಳಗೆ ಮೂರು ಚುಕ್ಕೆ, ನಡುವಿನದು ಕೊಂಚ ಕೆಳಗೆ.

ಫೋಟೋ ಹಿಗ್ಗಿಸಿ ನೋಡಿದೆವು. ಆ ಜಾಗದಲ್ಲಿ ಬರೀ ಮಸಿ. ಕೆತ್ತುವಾಗ ನನಗೆ ಅದು ಕಂಡಿರುವ ಮಾತೇ ಇಲ್ಲ.

ಇದೂ ನನ್ನದೇ ಆಟವೆಂದು ಶ್ರೀಕಂಠ ಇವತ್ತಿಗೂ ನಂಬಿದ್ದಾನೆ. ಆಣೆಯಿಟ್ಟರೂ ಕೇಳುವುದಿಲ್ಲ, ಕೇಳದ ಹಾಗೆ ಊರಿಗೆಲ್ಲ ಪಾಠ ಕಲಿಸಿದವನೂ ನಾನೇ. ಮಗಳು ಕೊಟ್ಟಿದ್ದು ಯಾವುದೆಂದು ತಿಳಿಯದೆ ಎರಡನ್ನೂ ಬೀಗ ಹಾಕಿ ಇಟ್ಟಿದ್ದಾನೆ. ಇಂಥದ್ದು ಇನ್ನೊಂದಿಲ್ಲ ಅನ್ನುವುದನ್ನು ಮಾತ್ರ ಬಿಟ್ಟಿದ್ದಾನೆ.

ಮೊನ್ನೆ ಗರಾಜಿನಲ್ಲಿ, ಚುಕ್ಕೆಯಿಲ್ಲದ ಅಚ್ಚೊಂದನ್ನು ಕೆತ್ತಿಯೇ ತೀರುತ್ತೇನೆಂದು ಕೂತೆ. ಮುಗಿಸಿ ಒರೆಸಿ ನೋಡಿದರೆ ಮೂರೂ ಇದ್ದವು. ಯಾವಾಗ ಹಾಕಿದೆನೋ, ನೆನಪಿಲ್ಲ.